ಸೊಂಟ ಜಾಡಿಸುವುದು

ಬಟ್ಟೆ ಒಗೆಯುವ ಕಾರ್ಖಾನೆಯ ಇಸ್ತ್ರಿ ಮೇಜಿನ ಮೇಲೆ ಕರಡಚ್ಚಿನ ಪುಟ ಹರಡಿ ಸಂಶೋಧಕಿ ಓದಿ ಹೇಳಿದಳು: ‘ಈ ಕಪ್ಪು ಜನಾಂಗದ ಹೆಂಗಸರ ಕುಣಿತದಲ್ಲಿ ಸೊಂಟ ಜಾಡಿಸುವುದು ಗಂಡಸಿಗೆ ಕೊಡುವ ಆಹ್ವಾನ. ಅದು ಅವರ ರಕ್ತದಲ್ಲೇ ಇದೆ.’

ಇಸ್ತ್ರಿಪೆಟ್ಟಿಗೆ ನಿಂತಿತು. ಮೂರು ವರ್ಷದಿಂದ ಅವಳಿಗೆ ಕುಣಿತ ಕಲಿಸುತ್ತಾ, ‘ನೋಟ್‌ಬುಕ್ಕಮ್ಮ’ ಎಂದು ರೇಗಿಸುತ್ತಾ ಬಂದಿದ್ದ, ಆ ಜನಾಂಗದವಳೇ ಆದ ಇಸ್ತ್ರಿ ಕೆಲಸದ ಅಕ್ಕನ ಮುಖ ಗಂಟಿಕ್ಕಿತು.

“ಆಹ್ವಾನಾನಾ? ಯಾವನಿಗಂತೆ? ನಮ್ಮಜ್ಜಿ ಕಾಲದಲ್ಲಿ ಇಲ್ಲಿ ಮೇಸ್ತ್ರಿ ಹಿಂದಿನಿಂದ ಬಂದು ಸೊಂಟಕ್ಕೆ ಕೈ ಹಾಕೋನು. ಎರಡೂ ಕೈಯಲ್ಲಿ ಒದ್ದೆ ಬಟ್ಟೆ, ಹೊಡೆಯೋದು ಹೇಗೆ? ಸೊಂಟದಲ್ಲೇ ಜಾಡಿಸೋರು ಅವನ ಕೈನ. ಅದನ್ನೇ ಅಜ್ಜಿ ಕುಣಿತಕ್ಕೆ ತಂದಳು. ಕರೆಯೋದಂತೆ, ಬರೆದವರ ಮುಖಕ್ಕಿಷ್ಟು!”

“ಇದನ್ನ ನಾನು ಬರೆದಿಲ್ಲಕ್ಕ. ನನ್ನ ಅಧ್ಯಾಯಕ್ಕೆ ನಮ್ಮ ಪ್ರೊಫೆಸರ್ ಸೇರಿಸಿದ್ದು.”

ಆದರೆ ತನ್ನ ಟಿಪ್ಪಣಿಯಲ್ಲಿ ‘ಸೊಂಟ ಜಾಡಿಸುವುದು’ ಎಂಬುದರ ಎದುರು ಅವಳು ‘ಶೃಂಗಾರ?’ ಎಂದು ಗೀಚಿದ್ದಳು. ಸೊಂಟವೆಂದಮೇಲೆ ಇನ್ನೇನಿದ್ದೀತು ಎಂಬ ಊಹೆ. ಪ್ರೊಫೆಸರ್ ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಿ, ಉಳಿದದ್ದನ್ನು ಬೆಳೆಸಿದ್ದರು.

ಮಧ್ಯಾಹ್ನ ಅವರ ಕೋಣೆಯಲ್ಲಿ ಅವಳು ನಿಂತೇ ಇದ್ದಳು. ಕೂರಲು ಅವರೂ ಹೇಳಲಿಲ್ಲ.

“ನೋಡಮ್ಮ, ನಿನ್ನ ಕೆಲಸ ಖಾಯಂ ಆಗೋದು ಈ ಪುಸ್ತಕದಿಂದ. ಸುಮ್ಮನೆ ಸಹಿ ಹಾಕು. ಕುಣಿಯೋರು ಕುಣೀತಾರೆ, ಅರ್ಥ ಹೇಳೋರು ನಾವು.”

“ಅವರು ಅರ್ಥ ಹೇಳಿದ್ದಾರೆ ಸರ್. ಅದನ್ನ ಹಾಕಿ.”

“ಬಟ್ಟೆ ಒಗೆಯೋರ ಹರಟೆ ಅದು. ಶಾಸ್ತ್ರ ಅಲ್ಲ.”

“ರಕ್ತದಲ್ಲೇ ಇದೆ ಅನ್ನೋದು ಶಾಸ್ತ್ರಾನಾ? ಯಾರ ರಕ್ತ ಪರೀಕ್ಷೆ ಮಾಡಿಸಿದ್ರಿ ಸರ್?”

“ಮಾತು ನೋಡ್ಕೊಂಡು ಆಡು!”

ಇಷ್ಟು ವರ್ಷ ನೋಡಿಕೊಂಡೇ ಆಡಿದ್ದಳು. ಅವರ ಹುಬ್ಬು ಎದ್ದರೆ ವಾಕ್ಯವನ್ನೇ ನುಂಗಿದ್ದಳು. ಈಗ ಅಚ್ಚಿನ ಒಪ್ಪಿಗೆಪತ್ರ ಎಳೆದುಕೊಂಡು, ಸಹಿಯ ಜಾಗದಲ್ಲಿ ಕಾಗದ ಹರಿಯುವಷ್ಟು ಒತ್ತಿ ಬರೆದಳು: ‘ಒಪ್ಪಿಗೆ ಇಲ್ಲ. ನನ್ನ ಅಧ್ಯಾಯ ವಾಪಸ್ಸು.’

“ಸೋಮವಾರದಿಂದ ಬರಬೇಡ,” ಎಂದರು ಅವರು.

ಸಂಜೆ ಪಾಳಿ ಬಿಡುವ ಹೊತ್ತಿಗೆ ಅವಳು ಕಾರ್ಖಾನೆಯ ಬಾಗಿಲಲ್ಲಿದ್ದಳು. ಸುದ್ದಿ ಕೇಳಿ ಅಕ್ಕ ಅವಳ ಭುಜ ತಟ್ಟಿದಳು. “ಹೋದ್ರೆ ಹೋಗ್ಲಿ ಬಿಡೇ. ತಪ್ಪೆಲ್ಲ ಆ ಮನುಷ್ಯನದ್ದು.”

ಸುಮ್ಮನಿದ್ದರೆ ಆಗುತ್ತಿತ್ತು.

“ಅಲ್ಲಕ್ಕ. ಮೊದಲು ತಪ್ಪಾಗಿ ಗೀಚಿದ್ದು ನಾನೇ. ಅವರು ಅದನ್ನ ದೊಡ್ಡದು ಮಾಡಿದ್ರು.”

ಭುಜದ ಮೇಲಿನ ಕೈ ಸರಿಯಿತು.

“ಮೂರು ವರ್ಷ ನನ್ನ ಪಕ್ಕಾನೇ ನಿಂತು ಕುಣಿದ್ಯಲ್ಲೇ,” ಎಂದಳು ಅಕ್ಕ, “ಒಂದೇ ಒಂದು ಸಲ ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿನಗೆ ಧಾಡಿ?”