ಬೇಲಿಗೆ ನೆಟ್ಟವರು

ಮೇ ತಿಂಗಳು. ಠಾಣೆ ಹತ್ತಿರದ ದಿವಾದಲ್ಲಿ ತೋಟದ ಬಾವಿ ತಳ ಕಂಡಿತ್ತು. ಸಾಬವ್ವ ಒಳಗಿಳಿದು ಕೆಸರುನೀರನ್ನು ಚೊಂಬಿನಲ್ಲಿ ಮೊಗೆದು ಕೊಡ ತುಂಬಿಸುವಳು. ಗಂಡ ಹಣಮಂತ್ರಾಯ ಮೇಲೆ ನಿಂತು ಹಗ್ಗ ಎಳೆಯುವನು. ಪಾಲಕ್ ಮಡಿಗೆ ಒಂದು ಕೊಡ, ಬೆಂಡೆ ಸಾಲಿಗೆ ಒಂದು ಕೊಡ. ಬಿಸಿಲೇರುವ ಮೊದಲೇ ಸೊಪ್ಪು ಕಿತ್ತು, ತೊಳೆದು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಬೇಕು. ಇಲ್ಲದಿದ್ದರೆ ಡೊಂಬಿವಲಿ ಪೇಟೆ ಮುಟ್ಟುವಷ್ಟರಲ್ಲಿ ಬಾಡುತ್ತದೆ. ಬಾಡಿದ್ದನ್ನು ಯಾರೂ ಕೊಳ್ಳುವುದಿಲ್ಲ. ಅದೇ ರಾತ್ರಿಯ ಪಲ್ಯ. ಸಾಬವ್ವನ ಕಾಲ್ಬೆರಳ ಸಂದಿಗಳು ಕೆಸರಿಗೆ ಕೊಳೆತು ಬಿರಿದಿದ್ದವು.

ಕಲಬುರಗಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು ಅವರು. ಹಣಮಂತ್ರಾಯ ಮಾಳಿಗೆಯಿಂದ ಬಿದ್ದು ಕುಂಟನಾದ ಮೇಲೆ ಕೆಲಸಕ್ಕೆ ಕರೆಯುವವರು ಇಲ್ಲವಾದರು. ಆಗ ಕೈಹಿಡಿದವನು ಮೋಹನದಾಸ. ಉಡುಪಿ ಕಡೆಯವನು. ಠಾಣೆಯಲ್ಲಿ ಹೋಟೆಲು, ಜೊತೆಗೆ ಜಾಗಗಳ ವ್ಯವಹಾರ.

"ನಮ್ಮ ಕನ್ನಡದವರು ಹೀಗೆ ಬೀದಿಗೆ ಬೀಳುವುದುಂಟಾ ಮಾರಾಯಾ? ನನ್ನದೊಂದು ಜಾಗ ಉಂಟು. ತರಕಾರಿ ಬೆಳೆದು ತಿನ್ನು, ಬಾಡಿಗೆ ಬೇಡ. ಬೇಲಿಯೊಳಗೆ ಯಾರನ್ನೂ ಬಿಡಬೇಡ, ಅಷ್ಟೇ," ಅಂದಿದ್ದ.

ದೇವರಂಥ ಮನುಷ್ಯ ಅಂದುಕೊಂಡು ಗಂಡ ಹೆಂಡತಿ ಕೈಮುಗಿದಿದ್ದರು. ಅಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು.

ಬೇಲಿಯಾಚೆ ಆಗಾಗ ಒಬ್ಬ ಮುದುಕಿ ಬಂದು ನಿಲ್ಲುತ್ತಿದ್ದಳು. ಪಕ್ಕದ ಹಳ್ಳಿಯ ಜನಾಬಾಯಿ. ಏನೂ ಕೊಳ್ಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಹಣಮಂತ್ರಾಯ ಕೋಲು ತೋರಿಸಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಅವಳು ಬಿಸಿಲಿಗೆ ತಲೆ ತಿರುಗಿ ಅಲ್ಲೇ ಕುಸಿದಳು. ಸಾಬವ್ವ ಓಡಿಹೋಗಿ ಒಳಗೆ ಕರೆತಂದು ನೀರು ಕುಡಿಸಿದಳು. ಪೇಟೆಯಲ್ಲಿ ಸೊಪ್ಪು ಮಾರುತ್ತ ಸಾಬವ್ವ ಮರಾಠಿ ಕಲಿತಿದ್ದಳು.

"ಈ ಬಾವಿ ತೋಡಿದ್ದು ನಾನು, ನನ್ನ ಗಂಡ," ಅಂದಳು ಮುದುಕಿ.

"ಏನಂದಿ ಆಜಿ?"

"ಇದು ನನ್ನ ಹೊಲ. ಗಂಡ ಸತ್ತ ವರ್ಷ ನಿನ್ನ ಶೇಠ್ ಗೂಂಡಾಗಳನ್ನು ತಂದು ಬೇಲಿ ಹಾಕಿಸಿದ. ಗೂಂಡಾಗಳಿಗಾದರೆ ಪಗಾರ ಕೊಡಬೇಕು. ನಿಮಗೆ ಕೊಡಬೇಕಿಲ್ಲ. ಅದಕ್ಕೇ ನಿಮ್ಮನ್ನು ತಂದಿಟ್ಟ."

ಹಣಮಂತ್ರಾಯ ಎದ್ದು ಬೆಂಡೆ ಸಾಲಿನ ಕಡೆ ಹೋದ. ಸಾಬವ್ವ ಹಿಂದೆಯೇ ಹೋದಳು.

"ನಿನಗ ಗೊತ್ತಿತ್ತಾ?"

"ಸಂಶೇ ಇತ್ತು."

"ಸಂಶೇ ಇದ್ದೂ ಆ ಮುದುಕಿಗಿ ಕೋಲು ತೋರ್ಸಿದಿ?"

"ಈ ಕಾಲು ಹಿಡಕೊಂಡು ಎಲ್ಲಿಗಿ ಹೋಗ್ಲಿ, ನೀನೇ ಹೇಳು," ಅಂದ ಅವನು.

ಅದೇ ವಾರ ಮೋಹನದಾಸನ ಕಾರು ಬಂತು.

"ನಾಳೆ ಜಾಗ ನೋಡ್ಲಿಕ್ಕೆ ಸರ್ಕಾರಿ ಸಾಹೇಬರು ಬರ್ತಾರೆ. ಮುದುಕಿ ತಕರಾರು ಹಾಕಿದ್ದಾಳೆ. ಹದಿನೈದು ವರ್ಷದಿಂದ ಶೇಠರಿಗಾಗಿ ಇಲ್ಲಿ ಬೆಳೆ ತೆಗೀತಾ ಇದ್ದೇವೆ ಅಂತ ಹೇಳಿ, ಆಯ್ತಾ? ಅಷ್ಟು ವರ್ಷ ಅಂದ್ರೆ ಜಾಗ ನನ್ನ ಹೆಸರಿಗೆ ಆಗ್ತದೆ. ಠಾಕುರ್ಲಿಯಲ್ಲಿ ನನ್ನದೊಂದು ಖೋಲಿ ಖಾಲಿ ಉಂಟು. ನಿಮಗೇ."

"ನಾವು ಬಂದು ನಾಕೇ ವರ್ಷ ಆಯ್ತಲ್ರಿ," ಅಂದಳು ಸಾಬವ್ವ.

"ಅದು ನಮಗೆ ಗೊತ್ತುಂಟು. ಅವರಿಗೆ ಹೇಳುವುದು ಬೇಡ."

"ಹೇಳಿದ್ರ?"

ಅವನ ನಗು ಹೋಯಿತು. "ನೀವು ಇಲ್ಲಿ ಇದ್ರಿ ಅನ್ನುವುದಕ್ಕೆ ನನ್ನ ಬಿಟ್ಟು ಬೇರೆ ಸಾಕ್ಷಿ ಯಾರುಂಟು? ಯೋಚನೆ ಮಾಡಿ."

ಕಾರು ಹೋದ ಮೇಲೆ ಮಗಳು ಭಾಗ್ಯಾ ಸೊಪ್ಪಿನ ಕಟ್ಟು ಕಟ್ಟುತ್ತಲೇ ಹಿಂದಿಯಲ್ಲಿ ಅಂದಳು, "ಬೋಲ್ ದೋ ನಾ ಅವ್ವಾ. ರೂಮ್ ಮೇ ನಲ್ ಹೋಗಾ."

ಹೇಳಿಬಿಟ್ಟರೆ ಮನೆಯೊಳಗೇ ನಲ್ಲಿ. ಸಾಬವ್ವನಿಗೂ ಆಸೆಯಾಯಿತು. ಆಸೆಯಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಸಾಹೇಬ ಬಂದು ಪಾಲಕ್ ಮಡಿಯ ಮೇಲೆ ನಿಂತ. ಜವಾನ ಛತ್ರಿ ಹಿಡಿದ. ಮೋಹನದಾಸ ಪಕ್ಕದಲ್ಲಿದ್ದ. ಜನಾಬಾಯಿಯನ್ನು ಬೇಲಿಯಾಚೆಯೇ ನಿಲ್ಲಿಸಿದ್ದರು.

"ಎಷ್ಟು ವರ್ಷದಿಂದ ಇದ್ದೀರಿ?" ಸಾಹೇಬ ಮರಾಠಿಯಲ್ಲಿ ಕೇಳಿದ.

ಹಣಮಂತ್ರಾಯ ತನ್ನ ಕಾಲು ನೋಡಿಕೊಂಡ. "ಹದಿನೈದು..." ಎಂದು ಬಾಯಿ ತೆರೆದ.

"ನಾಲ್ಕು!" ಸಾಬವ್ವ ತನಗೆ ಬಂದಷ್ಟು ಮರಾಠಿಯಲ್ಲಿ ಕೂಗಿದಳು. "ಹೊಲ ಈ ಆಜಿದು ಸಾಹೇಬ. ಆಕೆ ಒಳಗೆ ಬರಬಾರದು ಅಂತ ಈ ಶೇಠ್ ನಮ್ಮನ್ನು ಬೇಲಿ ಮಾಡಿ ನೆಟ್ಟಿದ್ದಾನೆ."

ಸಾಹೇಬ ಮೋಹನದಾಸನ ಮುಖ ನೋಡಿ, ಹಣಮಂತ್ರಾಯನ ಕಡೆ ತಿರುಗಿದ. "ಹೆಂಗಸಿನ ಮಾತು ಬೇಡ. ನೀನು ಹೇಳೋ."

ಹಣಮಂತ್ರಾಯ ಕೋಲು ಊರಿ ನಿಂತ. ಹೆಂಡತಿಯ ಕಡೆ ನೋಡಿದ. "ನಾಲ್ಕೇ," ಅಂದ. "ಅವಳು ಹೇಳಿದ್ದು ಖರೆ."

ಸಾಹೇಬ ಪೆನ್ನಿನ ಮುಚ್ಚಳ ಹಾಕಿದ. ಕಾಲಿನ ಕೆಳಗೆ ಪಾಲಕ್ ಜಜ್ಜಿ ಹೋಗಿತ್ತು. "ಬರೆದುಕೋ. ಜಾಗ ಖಾಲಿ ಇದೆ. ಬೆಳೆ ಇಲ್ಲ, ವಾಸ ಇಲ್ಲ, ಸಾಕ್ಷಿ ಇಲ್ಲ," ಎಂದು ಜವಾನನಿಗೆ ಹೇಳಿ ಕಾರು ಹತ್ತಿದ.

ಸಂಜೆ ಮೋಹನದಾಸ ಕಳಿಸಿದ ಜೆಸಿಬಿ ಬಂತು. ಮೊದಲು ತಗಡಿನ ಗುಡಿಸಲು ಹೋಯಿತು, ಆಮೇಲೆ ಬೆಂಡೆ ಸಾಲು. ಅಷ್ಟರಲ್ಲಿ ಮುರಿದ ಬೇಲಿ ದಾಟಿ ಜನಾಬಾಯಿ ಹಳ್ಳಿಯ ಹೆಂಗಸರನ್ನು ಕರೆದುಕೊಂಡು ಬಂದಳು. ತಮ್ಮನ್ನು ಓಡಿಸಲು ಬಂದರೆಂದು ಹಣಮಂತ್ರಾಯ ಹೆದರಿ ಹಿಂದೆ ಸರಿದ. ಅವರು ಅವನ ಕಡೆ ನೋಡಲೂ ಇಲ್ಲ. ಜನಾಬಾಯಿ ನೇರವಾಗಿ ಹೋಗಿ ಜೆಸಿಬಿಯ ಮುಂದೆ ಕೂತಳು. ಸಾಬವ್ವ ಅವಳ ಮಗ್ಗುಲಲ್ಲಿ ಕೂತಳು.

ಪೊಲೀಸ್ ಜೀಪು ಬಂತು.

"ಜಮೀನು ಯಾರದು?" ಫೌಜದಾರ ಕೇಳಿದ.

ಸಾಬವ್ವ ಮುದುಕಿಯನ್ನು ತೋರಿಸಿದಳು. "ಇವರದು."

"ಬೆಳೆ?"

ಮುದುಕಿ ಸಾಬವ್ವನ ಕೈ ಎತ್ತಿ ಹಿಡಿದಳು. "ಇವಳದು."

"ಇಬ್ಬರನ್ನೂ ಹತ್ತಿಸಿ," ಅಂದ ಫೌಜದಾರ. ಪೇದೆಗಳು ಇಬ್ಬರನ್ನೂ ದರದರ ಎಳೆದು ಜೀಪಿಗೆ ಹಾಕಿದರು.

ಜೀಪು ಹೋಗುತ್ತಲೇ ಜೆಸಿಬಿ ಮತ್ತೆ ಗುಡುಗಿತು. ಹಣಮಂತ್ರಾಯ ಕುಂಟುತ್ತ ಬಂದು, ಅವರು ಕೂತಿದ್ದ ಜಾಗದಲ್ಲಿ ಕಾಲು ಚಾಚಿ ಕೂತ. ಭಾಗ್ಯಾ ಅಪ್ಪನಿಗೆ ಒತ್ತಿಕೊಂಡು ಕೂತಳು. ಹಳ್ಳಿಯ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸಿಕ್ಕಿಸಿಕೊಂಡು ಅವರ ಸುತ್ತ ಕೂತರು.

ಚಾಲಕ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.