ಬಾಸಿಲಿಸಾಳ ಮಾತ್ರೆ, ಲುಡಿವಿನಾಳ ನಿದ್ದೆ

ನಿದ್ದೆ ಕೆಟ್ಟವಳಿಗೆ ಊರೆಲ್ಲ ವೈದ್ಯರೇ. ಒಬ್ಬಳು ಶುಂಠಿ ಕಷಾಯ ಕುಡಿ ಅನ್ನುತ್ತಾಳೆ, ಇನ್ನೊಬ್ಬಳು ನೆತ್ತಿಗೆ ಎಣ್ಣೆ ತಟ್ಟು ಅನ್ನುತ್ತಾಳೆ, ಮತ್ತೊಬ್ಬಳು ತನ್ನ ಚೀಲದಿಂದಲೇ ಮಾತ್ರೆ ತೆಗೆದು ಕೊಡುತ್ತಾಳೆ. ಬಂತಾಯನ್ ದ್ವೀಪದ ಲುಡಿವಿನಾಳಿಗೆ ಸಿಕ್ಕಿದ್ದು ಈ ಕೊನೆಯವಳು.

ಲುಡಿವಿನಾ ಮೀನು ಸೀಳುವವಳು. ಒಣಗಿಸುವ ಡಂಗಿಟ್ ಮೀನನ್ನು ಬೆನ್ನಿನಿಂದ ಸೀಳಿ, ಪುಸ್ತಕದಂತೆ ಬಿಚ್ಚಿಡುವುದರಲ್ಲಿ ಅವಳದು ಎತ್ತಿದ ಕೈ. ಹೋದ ವರ್ಷದ ಬಿರುಗಾಳಿ ಮನೆಯ ಮಾಡು ಕಿತ್ತುಕೊಂಡು ಹೋದಾಗಿನಿಂದ ಅವಳಿಗೊಂದು ಕಾಟ ಅಂಟಿಕೊಂಡಿತ್ತು. ಗಾಳಿ ಸ್ವಲ್ಪ ಜೋರಾಗಿ ಬೀಸಿದರೂ ಎದೆ ಡವಡವ. ಕಣ್ಣು ಮುಚ್ಚಿದರೆ ತಗಡು ಹಾರುವ ಸದ್ದು. ನಿದ್ದೆ ಎನ್ನುವುದು ಅವಳ ಪಾಲಿಗೆ ಊರು ಬಿಟ್ಟು ಹೋಗಿತ್ತು.

ಪಕ್ಕದ ಮಣೆಯಲ್ಲಿ ಕೂತು ಮೀನು ಸೀಳುವ ಬಾಸಿಲಿಸಾ, ಲುಡಿವಿನಾಳ ಮಗಳು ಆನಲಿನ್‌ಗೆ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾದವಳು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಮಾರೆ’. ಒಡಹುಟ್ಟಿದವರಿಗಿಂತ ಹೆಚ್ಚು.

"ಏನ್ ಮಾರೆ, ಕಣ್ಣು ನಿನ್ನೆಯ ಮೀನಿನ ಥರ ಆಗಿದೆ?"

"ನಿದ್ದೆ ಇಲ್ಲ ಕಣೇ."

"ತಗೋ, ಇದ್ರಲ್ಲಿ ಅರ್ಧ ನುಂಗು. ಡಾಕ್ಟ್ರು ನಂಗೆ ಬರ್ಕೊಟ್ಟಿದ್ದು. ಎಷ್ಟು ಹಿಯಾಂಗ್ ಗೊತ್ತಾ! ನಂಗೆ ಒಗ್ಗಿದ್ದು ನಿಂಗೆ ಒಗ್ಗದೆ ಇರುತ್ತಾ?"

ಹಿಯಾಂಗ್ ಅಂದರೆ ಮೈಗೆ ಒಗ್ಗುವುದು. ನಮ್ಮಲ್ಲಿ ಸೋಪಿನಿಂದ ಹಿಡಿದು ಗಂಡನವರೆಗೆ ಎಲ್ಲಕ್ಕೂ ಅದೇ ಅಳತೆಗೋಲು. ಲುಡಿವಿನಾ ನುಂಗಿದಳು, ಸೊಗಸಾಗಿ ನಿದ್ದೆ ಮಾಡಿದಳು. ಹಿಯಾಂಗ್ ಅಂದಮೇಲೆ ಮುಗಿಯಿತಲ್ಲ! ಕೆಲವೇ ವಾರಗಳಲ್ಲಿ ಅರ್ಧ ಹೋಗಿ ಒಂದಾಯಿತು, ಒಂದು ಸಾಲದೆ ಎರಡಾಯಿತು. ಬಾಸಿಲಿಸಾ ಧಾರಾಳಿ, ಕೇಳಿದಾಗಲೆಲ್ಲ ಕೊಟ್ಟಳು.

ಆನಲಿನ್ ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಪುಟ್ಟ ಮಗಳು ಕಿಕಾಯ್ ಅಜ್ಜಿಯ ಸುಪರ್ದಿಗೆ. ಒಂದು ಮಧ್ಯಾಹ್ನ ನೆರೆಮನೆಯ ಹುಟ್ಟುಹಬ್ಬದಲ್ಲಿ ಲುಡಿವಿನಾ ಒಂದು ಲೋಟ ತೆಂಗಿನ ಕಳ್ಳು ಕುಡಿದಳು. ಮನೆಗೆ ಬಂದರೆ ಗಾಳಿ ಎದ್ದಿದೆ, ಎದೆ ಹೊಡೆದುಕೊಳ್ಳುತ್ತಿದೆ. ಮಾತ್ರೆ ನುಂಗಿ ಮಗುವನ್ನು ಪಕ್ಕಕ್ಕೆಳೆದುಕೊಂಡು ಮಲಗಿದಳು.

ಮಗು ಎದ್ದು ಸಮುದ್ರಕ್ಕೆ ನಡೆಯಿತು. ಬಲೆ ಹೆಣೆಯುತ್ತಿದ್ದವರು ನೋಡುವಷ್ಟರಲ್ಲಿ ನೀರು ಅದರ ಎದೆಮಟ್ಟಕ್ಕಿತ್ತು. ಎತ್ತಿಕೊಂಡು ಓಡಿ ಬಂದರು. ಸುದ್ದಿ ಕೇಳಿ ಆನಲಿನ್ ಬಂದಳು. ತಾಯಿಯನ್ನು ಅಲುಗಿಸಿದಳು, ಕೂಗಿದಳು, ಮುಖಕ್ಕೆ ನೀರೆರಚಿದಳು. ಎಷ್ಟೋ ಹೊತ್ತಿನ ಮೇಲೆ ಲುಡಿವಿನಾ ಕಣ್ಣು ಬಿಟ್ಟಳು.

"ಅಮ್ಮಾ, ಇನ್ಮೇಲೆ ಕಿಕಾಯ್‌ನ ನಿನ್ನ ಹತ್ರ ಬಿಡಲ್ಲ."

ಲುಡಿವಿನಾ ಅಳಲಿಲ್ಲ. ಉಳಿದ ಮಾತ್ರೆಗಳನ್ನೆಲ್ಲ ಸಮುದ್ರಕ್ಕೆಸೆದಳು. "ಸತ್ರೂ ಮುಟ್ಟಲ್ಲ. ಮೊಮ್ಮಗಳು ನನ್ನ ಮಡಿಲಿಗೆ ವಾಪಸ್ ಬರ್ಬೇಕು, ಅಷ್ಟೇ."

ಛಲವೇನೋ ಸರಿ, ದಾರಿ ಸರಿಯಿರಲಿಲ್ಲ. ಮಾರನೆಯ ದಿನದಿಂದಲೇ ಕೈ ನಡುಗತೊಡಗಿತು. ಮೈಯೆಲ್ಲ ಬೆವರು, ಎದೆಯೊಳಗೆ ಮೊದಲಿಗಿಂತ ಜೋರು ಡವಡವ. ಮೀನು ಸೀಳುವ ಚೂರಿ ಕೈಯಿಂದ ಜಾರಿ ಬಿತ್ತು.

"ಯಾರೋ ಮಾಟ ಮಾಡಿದಾರೆ ಮಾರೆ," ಎಂದಳು ಬಾಸಿಲಿಸಾ.

"ಮಾಟಾನೂ ಇಲ್ಲ, ಮಣ್ಣಾಂಗಟ್ಟೀನೂ ಇಲ್ಲ!" ಬಾಗಿಲಲ್ಲಿ ಆರೋಗ್ಯ ಕಾರ್ಯಕರ್ತೆ ಹರ್ಮಿನಿಯಾ ನಿಂತಿದ್ದಳು. ನಡೆದದ್ದನ್ನೆಲ್ಲ ಹೇಳಿ ಅವಳನ್ನು ಕರೆತಂದವಳು ಆನಲಿನ್. ಸಿಟ್ಟು ಸಿಟ್ಟೇ, ತಾಯಿ ತಾಯಿಯೇ ಅಲ್ಲವೇ?

"ಲುಡಿವಿನಕ್ಕ, ನಮ್ಮ ಮಿದುಳಲ್ಲೇ ಗಲಾಟೆ ತಗ್ಗಿಸೋ ಒಂದು ರಸ ಇದೆ. ಆ ಮಾತ್ರೆ ಅದಕ್ಕೆ ಬಲ ಕೊಡುತ್ತೆ. ಅದಕ್ಕೇ ಬೇಗ ಎದೆ ತಣ್ಣಗಾಗಿ ನಿದ್ದೆ ಹತ್ತುತ್ತೆ. ಅದು ಹಿಯಾಂಗ್ ಅಲ್ಲ, ಮಾತ್ರೆಯ ಕೆಲಸವೇ ಅದು. ದಿನಾ ನುಂಗಿದ್ರೆ ಮಿದುಳಿಗೆ ಅಭ್ಯಾಸ ಆಗುತ್ತೆ, ಅರ್ಧದಲ್ಲಿ ಆಗೋ ಕೆಲಸಕ್ಕೆ ಎರಡು ಬೇಕಾಗುತ್ತೆ. ತಟ್ಟನೆ ನಿಲ್ಲಿಸಿದ್ರೆ ಅದುಮಿಟ್ಟ ಗಲಾಟೆ ಎಲ್ಲ ಒಟ್ಟಿಗೇ ಏಳುತ್ತೆ. ಕೆಲವರಿಗೆ ಫಿಟ್ಸೂ ಬರುತ್ತೆ."

"ಹಂಗಾದ್ರೆ ಬಿಟ್ಟಿದ್ದೇ ತಪ್ಪಾ?"

"ಬಿಡೋದು ತಪ್ಪಲ್ಲ. ಮೇಲಿಂದ ಧುಮುಕೋದು ತಪ್ಪು. ಡಾಕ್ಟ್ರು ಹೇಳ್ದಂಗೆ ಮೆಟ್ಟಿಲಿಳಿದು ಬರ್ಬೇಕು."

"ಅವತ್ತು ಎಬ್ಬಿಸಿದ್ರೂ ಏಳ್ಲಿಲ್ವಲ್ಲ?" ಆನಲಿನ್ ಕೇಳಿದಳು.

"ಕಳ್ಳೂ ಮಿದುಳನ್ನ ಮಂಕು ಮಾಡುತ್ತೆ, ಈ ಮಾತ್ರೇನೂ ಮಾಡುತ್ತೆ. ಎರಡೂ ಸೇರಿದ್ರೆ ಉಸಿರೇ ನಿಲ್ಲಬಹುದು. ನಿಮ್ಮಮ್ಮ ಎದ್ದಿದ್ದೇ ನಮ್ಮ ಪುಣ್ಯ."

ಆನಲಿನ್ ತಾಯಿಯ ಕೈ ಹಿಡಿದೆಬ್ಬಿಸಿದಳು. ಬಾಸಿಲಿಸಾ ನೆಲ ನೋಡಿದಳು. ಆಗಲೇ ಎಲ್ಲರೂ ಆರೋಗ್ಯ ಕೇಂದ್ರಕ್ಕೆ ಹೊರಟರು. ಹಳೆಯ ಮಾತ್ರೆಯನ್ನು ಹೇಗೆ ಹಂತಹಂತವಾಗಿ ಇಳಿಸಬೇಕೆಂದು ವೈದ್ಯೆ ಹೇಳಿದರು. ಭಯಕ್ಕೆಂದು ದಿನಾ ನುಂಗುವ ಬೇರೊಂದು ಮಾತ್ರೆ ಕೊಟ್ಟರು. ಬಿರುಗಾಳಿಯ ನೆನಪನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಮಧ್ಯಾಹ್ನದ ಮೇಲೆ ಕಾಫಿ ಬೇಡ, ನಿದ್ದೆ ಬಂದರೂ ಬರದಿದ್ದರೂ ಬೆಳಿಗ್ಗೆ ಏಳುವ ಹೊತ್ತು ತಪ್ಪಬಾರದು ಎಂದರು.

ಹೊಸ ಮಾತ್ರೆ ನುಂಗಿ ವಾರವಾದರೂ ಏನೂ ಆಗಲಿಲ್ಲ. ಬದಲಿಗೆ ಹೊಟ್ಟೆ ತೊಳಸಿತು.

"ಇದು ನಂಗೆ ಹಿಯಾಂಗ್ ಇಲ್ಲ ಕಣೇ," ಎಂದಳು ಲುಡಿವಿನಾ.

"ಮತ್ತೆ? ಬಿಸಾಕು. ನಂದೇ ಒಂದು ತಗೋ, ಯಾರಿಗೂ ಹೇಳ್ಬೇಡ." ಬಾಸಿಲಿಸಾಳ ಕೈ ಆಗಲೇ ಚೀಲದೊಳಗಿತ್ತು. ಹುಟ್ಟುಗುಣ ಎಲ್ಲಿಗೆ ಹೋಗುತ್ತೆ!

ಲುಡಿವಿನಾ ಕೈ ಚಾಚಿದಳು. ಬಾಗಿಲ ಬಳಿ ಕಿಕಾಯ್‌ಳ ಪುಟ್ಟ ಚಪ್ಪಲಿ ಇತ್ತು. ಮೆಟ್ಟುವ ಕಾಲು ಮಾತ್ರ ಆ ಮನೆಯಲ್ಲಿರಲಿಲ್ಲ. ಚಾಚಿದ ಕೈ ಹಿಂದಕ್ಕೆಳೆದುಕೊಂಡು ನೇರ ಹರ್ಮಿನಿಯಾಳ ಹತ್ತಿರ ನಡೆದು, ಹೊಸ ಮಾತ್ರೆ ಒಗ್ಗುತ್ತಿಲ್ಲ ಎಂದಳು.

"ಅಕ್ಕಾ, ಈಗ ತಾನೇ ಬಿಸಿಲಿಗೆ ಹರಡಿದ ಮೀನನ್ನ ಮುಟ್ಟಿ ನೋಡಿ, ಒಣಗಿಲ್ಲ ಅಂತ ಎಸೀತೀಯಾ?" ಹರ್ಮಿನಿಯಾ ಕೇಳಿದಳು.

"ಎಸೆಯೋಕೆ ನಂಗೇನು ಹುಚ್ಚಾ?"

"ಈ ಮಾತ್ರೇನೂ ಹಂಗೇ. ಇದು ಮಿದುಳಿನ ಬೇರೆ ರಸದ ಮೇಲೆ ನಿಧಾನಕ್ಕೆ ಕೆಲಸ ಮಾಡುತ್ತೆ. ವಾರಗಟ್ಟಲೆ ಬೇಕು. ಮೊದಮೊದಲು ಹೊಟ್ಟೆ ತೊಳಸಬಹುದು, ತಳಮಳ ಹೆಚ್ಚಲೂಬಹುದು. ತಡೆಯೋಕೆ ಆಗ್ದಿದ್ರೆ ಡಾಕ್ಟ್ರಿಗೆ ಹೇಳು, ಬದಲಾಯಿಸ್ತಾರೆ. ಬದುಕೇ ಬೇಡ ಅನ್ನಿಸಿದ್ರೆ ಆಗಿಂದಾಗ್ಲೇ ಬಾ. ಆದ್ರೆ ನೀನೇ ನಿಲ್ಲಿಸ್ಬೇಡ."

ಲುಡಿವಿನಾ ಹಲ್ಲು ಕಚ್ಚಿ ನಿಂತಳು. ಹಳೆಯದು ಮೆಟ್ಟಿಲಿಳಿಯಿತು, ಹೊಸದು ಮೆಲ್ಲಗೆ ಮೈಗೂಡಿತು. ಒಂದು ಬೆಳಿಗ್ಗೆ ಗಾಳಿ ಜೋರಾಗಿ ಬೀಸಿ ತಗಡು ಪಟಪಟ ಅಂದಿತು. ಲುಡಿವಿನಾ ಒಮ್ಮೆ ತಲೆಯೆತ್ತಿ ನೋಡಿ, ಮುಂದಿನ ಮೀನು ಕೈಗೆತ್ತಿಕೊಂಡಳು. ಚೂರಿ ನಡುಗಲಿಲ್ಲ.

ಅಷ್ಟು ದಿನ ದೂರದಿಂದಲೇ ಗಮನಿಸುತ್ತಿದ್ದ ಆನಲಿನ್ ಹತ್ತಿರ ಬಂದಳು. ತಾಯಿಯ ಕೈಯಿಂದ ಚೂರಿ ತೆಗೆದಿಟ್ಟು, ಕಿಕಾಯ್‌ಳನ್ನು ಅವಳ ಮಡಿಲಲ್ಲಿ ಕೂರಿಸಿದಳು.

"ಸಂಜೆ ಬರ್ತೀನಿ ಅಮ್ಮ."

ಆಗ ಲುಡಿವಿನಾ ಅತ್ತಳು. ಅದೇ ಹೊತ್ತಿಗೆ ನೆರೆಯವಳೊಬ್ಬಳು ಬಂದು, "ಬಾಸಿಲಿಸಾ, ಆ ನಿದ್ದೆ ಮಾತ್ರೆ ಒಂದು ಕೊಡೇ," ಎಂದಳು.

ಬಾಸಿಲಿಸಾ ಮಗುವಿನ ಮುಖ ನೋಡಿ ಚೀಲದ ಬಾಯಿ ಬಿಗಿದಳು. "ಮೀನು ಕೇಳು, ಬುಟ್ಟಿ ತುಂಬ ಕೊಡ್ತೀನಿ. ಮಾತ್ರೆ ಬೇಕಾದ್ರೆ ಡಾಕ್ಟ್ರತ್ರ ಹೋಗು. ನಡಿ, ನಾನೇ ಜೊತೆಗೆ ಬರ್ತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಡಬ್ಬಿಯಲ್ಲೂ ಯಾರೋ ಪ್ರೀತಿಯಿಂದ ಕೊಟ್ಟ ಮಾತ್ರೆ ಇದೆಯೇ? ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ, ಅದನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಅದರ ಜೊತೆ ಹೆಂಡ ಮುಟ್ಟಬೇಡಿ. ನಿಧಾನಕ್ಕೆ ಕೆಲಸ ಮಾಡುವ ಮಾತ್ರೆ ಕೊಟ್ಟಿದ್ದರೆ ಅದಕ್ಕೆ ಕಾಲಾವಕಾಶ ಕೊಡಿ. ಭಯ, ನಿದ್ದೆಗೇಡು ನಾಚಿಕೆಪಡುವ ಕಾಯಿಲೆಗಳಲ್ಲ. ನಿಮ್ಮನ್ನು ನಂಬಿ ಪಕ್ಕದಲ್ಲಿ ಮಲಗುವ ಮಗುವೊಂದು ನಿಮ್ಮ ಮನೆಯಲ್ಲೂ ಇರಬಹುದು. ಇವತ್ತೇ ಹೊರಡಿ.