ಎಲ್ಲರೂ ಕಂಡ ಗಂಟಲು

ನಾನೊಂದು ಸ್ಟೀಲಿನ ಲ್ಯಾರಿಂಗೋಸ್ಕೋಪು. ಕಾರ್ಖಾನೆಯಲ್ಲಿ ನನ್ನ ಅಲಗನ್ನು ಬಾಗಿಸಿ, ತುದಿಯ ಬಳಿ ಸಣ್ಣ ಬಲ್ಬು ಕೂರಿಸಿ, ಹಿಡಿಯೊಳಗೆ ಬ್ಯಾಟರಿ ತುಂಬಿದರು. ಆಪರೇಷನ್ನಿಗೆ ಮಲಗಿದವರ ಉಸಿರಿಗೆ ಕೊಳವೆ ಹಾಕುವಾಗ ನಾಲಗೆ ಎತ್ತಿ ಹಿಡಿದು ಶ್ವಾಸನಾಳದ ಬಾಯಿ ತೋರಿಸುವುದು ನನ್ನ ಕೆಲಸ. ಕೊಳವೆ ದಾರಿ ತಪ್ಪಿ ಅನ್ನನಾಳಕ್ಕೆ ಇಳಿದರೆ ಜೀವಕ್ಕೇ ಕುತ್ತು.

ನಾನು ಬಂದದ್ದು ಬಯಲುಸೀಮೆಯ ಒಂದು ಆಸ್ಪತ್ರೆಗೆ, ಅರಿವಳಿಕೆಯ ಹಿರಿಯ ಡಾಕ್ಟರ್ ಇನಾಮದಾರರ ಎಡಗೈಗೆ. ನುರಿತ ಕೈ ಅದು. ಆದರೆ ನನ್ನ ಅಲಗಿನ ಮೇಲಿಂದ ಇಣುಕಲು ಒಬ್ಬರಿಗೆ ಮಾತ್ರ ಜಾಗ. ಕಲಿಯುವ ಕಿರಿಯ ಡಾಕ್ಟರುಗಳು ಬೆನ್ನ ಹಿಂದೆ ಕತ್ತು ಚಾಚುತ್ತಿದ್ದರು.

"ಕಾಣ್ತದೇನು?" ಎಂದು ಇನಾಮದಾರರು ಗದರಿದರೆ ಎಲ್ಲರೂ "ಕಾಣ್ತದ ಸರ್" ಎನ್ನುತ್ತಿದ್ದರು. ಶುದ್ಧ ಸುಳ್ಳು. ಕಾಣುತ್ತಿದ್ದದ್ದು ಅವರ ಟೋಪಿ.

ಸುವರ್ಣಾ ತಳವಾರ ಎಂಬಾಕೆ ಕಲಿಯಲು ಬಂದಳು. "ನನಗೇನೂ ಕಾಣವಲ್ದು ಸರ್," ಅಂದಳು.

"ಹಂಗಾದ್ರ ಹೊರಗ ನಡಿ."

ನಡೆದಳು. ಅಳಲಿಲ್ಲ. ಪೈಪು ರಿಪೇರಿಯವರು ಒಳಗೆ ತೂರಿಸುವಂಥ ಸಣ್ಣ ಕ್ಯಾಮೆರಾ ತಂದು, ನನ್ನ ಅಲಗಿಗೆ ಅಂಟಿಸಿ, ತನ್ನ ಮೊಬೈಲಿಗೆ ಜೋಡಿಸಿದಳು. ತರಬೇತಿಯ ಬೊಂಬೆಯ ಬಾಯಿಗೆ ನನ್ನನ್ನು ಇಳಿಸಿದಾಗ ಗೆಳತಿಯರೆಲ್ಲ ಪರದೆಯಲ್ಲಿ ಒಟ್ಟಿಗೆ ಗಂಟಲನ್ನು ಕಂಡರು. ನನಗೆ ಎರಡನೇ ಹುಟ್ಟು ಸಿಕ್ಕಂತಾಯಿತು.

"ಮೊಬೈಲ್ ಆಟ ಇಲ್ಲಿ ಬ್ಯಾಡ," ಎಂದು ಇನಾಮದಾರರು ಅದನ್ನು ಕಿತ್ತರು.

"ಆಟ ಅಲ್ರಿ ಸರ್. ನೀವು ನೋಡೂದನ್ನ ನಾವೂ ನೋಡಬೇಕಲ್ಲ?" ಎಂದು ಆಕೆ ಮತ್ತೆ ಅಂಟಿಸಿದಳು. ಅವರು ಮತ್ತೆ ಕಿತ್ತರು. ಆಕೆ ಮತ್ತೆ ಅಂಟಿಸಿದಳು. ಕೊನೆಗೆ ಬೇಸತ್ತು, "ಒಂದ್ಸಲ ನೋಡೂಣು. ಆಮ್ಯಾಲ ಈ ಹಟ ಬಿಡಬೇಕು," ಅಂದರು.

ಆ ದಿನದ ರೋಗಿ ಚಂದಾಸಾಬ, ದಪ್ಪ ಕುತ್ತಿಗೆಯ ಹಮಾಲ, ಪಿತ್ತಕೋಶದಲ್ಲಿ ಕಲ್ಲು. ಕ್ಯಾಮೆರಾ ಹಾಕಬಹುದೇ ಎಂದು ಸುವರ್ಣಾ ಕೇಳಿದಾಗ ನಕ್ಕ. "ನೋಡ್ರೆವ್ವಾ, ಎಲ್ಲಾರೂ ನೋಡ್ರಿ. ಉಸಿರು ಕೊಡೂದು ಮಾತ್ರ ಮರೀಬ್ಯಾಡ್ರಿ."

ಆತ ನಿದ್ದೆಗೆ ಜಾರಿದ ಮೇಲೆ ಇನಾಮದಾರರು ಪರದೆಯತ್ತ ನೋಡದೆ, ಅಭ್ಯಾಸಬಲದಿಂದ ಕೊಳವೆ ತೂರಿಸಿದರು.

"ಸರ್, ಅದು ಅನ್ನನಾಳಕ್ಕ ಹೋತು," ಎಂದಳು ಪರದೆ ನೋಡುತ್ತಿದ್ದ ಸುವರ್ಣಾ.

"ನನಗ ಕಲಿಸಬ್ಯಾಡ."

"ಕಲಿಸವಲ್ಲೆ ಸರ್, ಕಾಣೂದು ಹೇಳಾಕತ್ತೀನಿ. ತಗೀರಿ!"

ಅವರು ಕತ್ತೆತ್ತಿ ಪರದೆ ನೋಡಿದರು. ಕೊಳವೆ ಹೊರತೆಗೆದು, ಮಾಸ್ಕಿನಿಂದ ಆಮ್ಲಜನಕ ಕೊಟ್ಟು, ಮತ್ತೆ ನನ್ನನ್ನು ಒಳಗಿಳಿಸಿದರು. ಈ ಸಲ ಕಣ್ಣು ಪರದೆಯ ಮೇಲಿತ್ತು. "ಇನ್ನ ಸ್ವಲ್ಪ ಮ್ಯಾಲ ಸರ್," ಎಂದಳು ಸುವರ್ಣಾ. ಅವರು ಮೇಲೆತ್ತಿದರು. ಬಿಳಿಯ ಧ್ವನಿತಂತುಗಳು ಕಂಡವು. ಅವುಗಳ ನಡುವೆ ಕೊಳವೆ ಇಳಿಯಿತು, ಚಂದಾಸಾಬನ ಎದೆ ಉಬ್ಬಿತು.

ಇನಾಮದಾರರು ತಪ್ಪಾಯಿತು ಎನ್ನಲಿಲ್ಲ. ಮರುದಿನ ಆಪರೇಷನ್ ಥಿಯೇಟರಿಗೆ ಬಂದವರೇ, "ತಳವಾರ, ಮೊಬೈಲ್ ಚಾರ್ಜ್ ಐತೇನು?" ಎಂದರು.

ಈಗ ಆಸ್ಪತ್ರೆಗೆ ಹುಟ್ಟಿನಿಂದಲೇ ಕ್ಯಾಮೆರಾ ಇರುವ ಹೊಸ ಸ್ಕೋಪುಗಳು ಬಂದಿವೆ. ಉಗ್ರಾಣದವರು ನನ್ನನ್ನು ಗುಜರಿಗೆ ಎತ್ತಿಟ್ಟಿದ್ದರು. ಈಗ ಪಾಠ ಹೇಳುವ ಸುವರ್ಣಾ, "ಅದನ್ನ ಮುಟ್ಟಬ್ಯಾಡ್ರಿ," ಎಂದು ಕಸಿದು ತಂದು ಬೊಂಬೆಯ ಪಕ್ಕ ಇಟ್ಟಳು. ದಿನವೂ ಹೊಸ ಕೈಗಳು ನನ್ನನ್ನು ತಪ್ಪಾಗಿ ಹಿಡಿಯುತ್ತವೆ, ಬೊಂಬೆಯ ಹಲ್ಲಿಗೆ ಕುಟ್ಟುತ್ತವೆ. ಕುಟ್ಟಲಿ. ಬೊಂಬೆಯ ಹಲ್ಲು ಮುರಿದು ಮನುಷ್ಯರದ್ದು ಉಳಿಯಲಿ. ನನಗಿನ್ನೂ ಕೆಲಸವಿದೆ; ಗುಜರಿಯವನು ಕಾಯಲಿ.